ಕೇಬಲಿನಿಂದ ಸೆನ್ಸರಿಗೆ

ತುರುವೇಕೆರೆ ಸೀಮೆಯ ಅಮ್ಮಸಂದ್ರವು 1960ರ ದಶಕದಲ್ಲಿ ಸಿಮೆಂಟು ಕಾರ್ಖಾನೆಯ ಊರೆಂದು ಪ್ರಸಿದ್ಧಿಗೆ ಬಂದ ಮೇಲೆ, ಸಿಮೆಂಟಿನ ಚೀಲಗಳನ್ನೂ ತಿಪಟೂರಿನ ಮಾರುಕಟ್ಟೆಗೆ ಸಾಗುವ ಕೊಬ್ಬರಿಯನ್ನೂ ಹೊತ್ತ ಲಾರಿಗಳು ಈ ತೆಂಗಿನ ನಾಡಿನ ದಾರಿಗಳಲ್ಲಿ ನಿತ್ಯಸಂಚಾರಿಗಳಾದುವು. ಅವುಗಳ ಬೆನ್ನಲ್ಲೇ ಮೆಕ್ಯಾನಿಕರ ಕಸುಬೂ ಬೇರೂರಿತು.

ಆ ಕಾಲದ ಡೀಸೆಲ್ ಲಾರಿಯಲ್ಲಿ ಚಾಲಕನ ಪಾದಕ್ಕೂ ಇಂಧನದ ಪಂಪಿಗೂ ನಡುವೆ ಇದ್ದುದು ಕಬ್ಬಿಣದ ಸರಳು ಅಥವಾ ಉಕ್ಕಿನ ಕೇಬಲು ಮಾತ್ರ. ಕೇಬಲು ಬಿಗಿದರೆ ಎಣ್ಣೆ, ಸ್ಪ್ರಿಂಗು ಸಡಿಲಿದರೆ ಹೊಸ ಸ್ಪ್ರಿಂಗು. ದೋಷವು ಕಣ್ಣಿಗೆ ಕಾಣುತ್ತಿತ್ತು.

ಹೊಗೆಯ ನಿಯಂತ್ರಣಕ್ಕಾಗಿ ಇಂಧನವನ್ನು ಕಂಪ್ಯೂಟರೇ ಅಳೆಯತೊಡಗಿ, 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ನಿಯಮಗಳು ದೇಶಾದ್ಯಂತ ಜಾರಿಗೆ ಬಂದಂತೆಲ್ಲ, ಆ ಸರಳಿನ ಸ್ಥಾನವನ್ನು ಪೆಡಲಿನ ಸೆನ್ಸರು ಆಕ್ರಮಿಸಿತು. ಅದರಿಂದ ಸಾಮಾನ್ಯವಾಗಿ ಎರಡು ಸಂಕೇತಗಳು ಹೊರಡುತ್ತವೆ. ಅನೇಕ ವಾಹನಗಳಲ್ಲಿ ಒಂದರ ವೋಲ್ಟೇಜು ಇನ್ನೊಂದರ ಇಮ್ಮಡಿ. ಇವೆರಡರ ಅನುಪಾತ ತಪ್ಪಿದೊಡನೆ ಕಂಪ್ಯೂಟರು ಚಾಲಕನ ಪಾದವನ್ನೇ ನಂಬದೆ ಎಂಜಿನಿನ ಶಕ್ತಿಯನ್ನು ಕುಗ್ಗಿಸುತ್ತದೆ. ಸ್ಕ್ಯಾನರಿನಲ್ಲಿ ಬಹುಮಟ್ಟಿಗೆ ಪಿ2138 ಎಂಬ ಸಂಖ್ಯೆ ಮೂಡುತ್ತದೆ.

ಈ ಸಂಖ್ಯೆಯನ್ನು ಕಂಡೊಡನೆ ಪೆಡಲನ್ನೇ ಬದಲಿಸುವುದು ಅವಸರದ ವೈದ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಬಲ್ಲ ಮೆಕ್ಯಾನಿಕನು ಮೊದಲು ಕನೆಕ್ಟರನ್ನು ಬಿಚ್ಚಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ನೋಡುವನು. ಮಲ್ಟಿಮೀಟರಿನಿಂದ 5 ವೋಲ್ಟು ಬರುತ್ತಿರುವುದನ್ನೂ ಅರ್ತು ಸರಿಯಿರುವುದನ್ನೂ ಖಚಿತಪಡಿಸಿಕೊಂಡು, ಕನೆಕ್ಟರನ್ನು ಮರಳಿ ಕೂಡಿಸಿ, ಪೆಡಲನ್ನು ಮೆಲ್ಲನೆ ಒತ್ತುತ್ತ ಎರಡು ಸಂಕೇತಗಳೂ ತಡೆಯಿಲ್ಲದೆ ಏರುತ್ತವೆಯೇ ಎಂದು ಪರೀಕ್ಷಿಸುವನು. ಬಳಿಕ ವೈರುಗಳನ್ನು ಬೆರಳಿನಿಂದ ಅಲುಗಿಸುವನು. ಆಗ ಮೀಟರಿನ ಅಂಕಿ ಜಿಗಿದರೆ ದೋಷವಿರುವುದು ವೈರಿನಲ್ಲಿ. ಸವೆದ ತುಂಡನ್ನು ಕತ್ತರಿಸಿ ಬೆಸೆದರೆ ಲಾರಿ ಹಳೆಯ ಪೆಡಲಿನಿಂದಲೇ ಓಡುವುದು.