ಗಡಿ ದಾಟಿದ ಆಟ: ಹನುಮಸಾಗರ ಮತ್ತು ನೆರೆಯೂರುಗಳು

ಕುಷ್ಟಗಿ ತಾಲ್ಲೂಕಿನ ಹೋಬಳಿ ಕೇಂದ್ರ ಹನುಮಸಾಗರ. ತಾಲ್ಲೂಕು ಕಚೇರಿಯ ಕೆಲಸವಿದ್ದರೆ ಜನ ಕುಷ್ಟಗಿಗೆ ಹೋಗುತ್ತಾರೆ. ಸೀರೆ, ಬಂಗಾರದ ಮಾತು ಬಂದರೆ ಇಳಕಲ್ಲಿನ ಬಸ್ಸು ಹತ್ತುತ್ತಾರೆ, ದನದ ಸಂತೆ, ಬೀಗರ ಮನೆ ಎಂದರೆ ಗಜೇಂದ್ರಗಡದ ದಾರಿ. ಇಂದು ಈ ಮೂರು ಊರುಗಳು ಮೂರು ಜಿಲ್ಲೆಗಳಲ್ಲಿವೆ. 1956ರ ಅಕ್ಟೋಬರ್‌ವರೆಗೆ ಅವು ಎರಡು ರಾಜ್ಯಗಳಲ್ಲಿದ್ದವು. ಕುಷ್ಟಗಿ, ಹನುಮಸಾಗರಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದರೆ ಇಳಕಲ್, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಕಡೆಗಿದ್ದವು. ನಡುವೆ ಜೋಳದ ಹೊಲ, ಕಲ್ಲುಗುಡ್ಡ, ಕರನಾಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ನಿಜಾಮನ ಕಾಲದಲ್ಲಿ ಒಂದು ಕಡೆ ಶಾಲೆಯೂ ಕಚೇರಿಯೂ ಉರ್ದುವಿನಲ್ಲಿ, ಇನ್ನೊಂದು ಕಡೆ ಕನ್ನಡ ಶಾಲೆ, ಕನ್ನಡ ಪತ್ರಿಕೆ, ಕನ್ನಡ ನಾಟಕ ಕಂಪನಿ.

ಈ ಊರಿನ ಕಲೆಯ ಚರಿತ್ರೆ ಬರೆಯಲು ಹೊರಟವರು ಮೊದಲು ಈ ಗಡಿಯನ್ನು ನೆನಪಿಡಬೇಕು. ಇಲ್ಲಿನ ಯಾವ ಆಟವೂ ಒಂದೂರಿನ ಸ್ವತ್ತಲ್ಲ. ನಾಟಕ ಬರೆದವರು ಒಂದೂರಿನವರು, ಪೇಟಿ ನುಡಿಸುವವರು ಮತ್ತೊಂದೂರಿನವರು, ದೇವರಿಗೆ ಬಣ್ಣ ಹಚ್ಚುವವರು ಇನ್ನೊಂದೂರಿನವರು, ಹಾಡು ಕಟ್ಟಿದವರು ಯಾರೋ. ಇವರೆಲ್ಲರ ಕೆಲಸ ಒಂದು ರಾತ್ರಿ ಒಂದು ಅಟ್ಟದ ಮೇಲೆ ಕೂಡುತ್ತದೆ. ಹಾಗೆ ಕೂಡಿಸುವ ಶಕ್ತಿಯೇ ಹನುಮಸಾಗರದಂಥ ಊರಿನ ನಿಜವಾದ ಸಂಪತ್ತು ಎಂದು ನನ್ನ ನಂಬಿಕೆ.

ನಾಟಕದಿಂದಲೇ ಶುರು ಮಾಡೋಣ. ಇಳಕಲ್ಲಿನ ಮಗ್ಗುಲಲ್ಲೇ ಕಂದಗಲ್ ಇದೆ. 1896ರಲ್ಲಿ ಅಲ್ಲಿ ಹುಟ್ಟಿದ ಹನುಮಂತರಾಯರು ‘ರಕ್ತರಾತ್ರಿ’, ‘ಅಕ್ಷಯಾಂಬರ’, ‘ಚಿತ್ರಾಂಗದಾ’ ಬರೆದು ಕನ್ನಡದ ಷೇಕ್ಸ್‌ಪಿಯರ್ ಎನಿಸಿಕೊಂಡರು. ಕುರುಕ್ಷೇತ್ರದ ಕೊನೆಯ ರಾತ್ರಿಯನ್ನು ರಂಗಕ್ಕೆ ತಂದ ‘ರಕ್ತರಾತ್ರಿ’ ಕಂಪನಿಗಳಲ್ಲಿ ಮೆರೆದದ್ದಷ್ಟೇ ಅಲ್ಲ, ಹಳ್ಳಿ ಹಳ್ಳಿಯ ಹವ್ಯಾಸಿ ಸಂಘಗಳ ಬಾಯಿಪಾಠವಾಯಿತು. ಓದು ಬಾರದ ರೈತನೊಬ್ಬ ಎತ್ತಿನ ಹಿಂದೆ ನಡೆಯುತ್ತ ಶಕುನಿಯ ಮಾತನ್ನು ಏರುದನಿಯಲ್ಲಿ ಹೇಳುವುದು ಈ ಸೀಮೆಯಲ್ಲಿ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಕನ್ನಡ ಶಾಲೆ ಸಿಗದ ನೆಲದಲ್ಲಿ ಗ್ರಂಥಸ್ಥ ಕನ್ನಡ ಬಾಯಿಂದ ಬಾಯಿಗೆ ಹೀಗೆಯೇ ದಾಟಿತು. ಹೈದರಾಬಾದ್ ಕರ್ನಾಟಕದ ಕನ್ನಡ ಉಳಿಸಿದವರೆಂದು ನಾವು ಮಠಗಳನ್ನೂ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳನ್ನೂ ನೆನೆಯುತ್ತೇವೆ, ಅದು ನ್ಯಾಯವೇ. ಆ ಸಾಲಿನಲ್ಲಿ ನಾಟಕದ ಮಾಸ್ತರರಿಗೂ ಒಂದು ಮಣೆ ಹಾಕಬೇಕು.

ಕಂದಗಲ್ಲರ ನಂತರದ ತಲೆಮಾರಿಗೆ ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಬಂದರು. ಪುರಾಣದ ರಾಜರನ್ನು ಇಳಿಸಿ ಗೌಡ, ಸಾಹುಕಾರ, ಬಡರೈತ, ಮಲತಾಯಿ, ವರದಕ್ಷಿಣೆ ಕೇಳುವ ಬೀಗ ಇವರನ್ನೆಲ್ಲ ರಂಗಕ್ಕೆ ಏರಿಸಿದರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜ್‌ಕುಮಾರ್ ಅಭಿನಯದ ಸಿನಿಮಾ ಆದದ್ದು ನಾಡಿಗೆಲ್ಲ ಗೊತ್ತು. ಆದರೆ ಸಿನಿಮಾಕ್ಕಿಂತ ಹೆಚ್ಚು ಸಲ ಅದು ಹಳ್ಳಿಯ ಅಟ್ಟದ ಮೇಲೆ ನಡೆದಿದೆ. ‘ಮುದುಕನ ಮದುವೆ’ಯನ್ನಂತೂ ಕೇಳಲೇಬೇಡಿ. ಹನುಮಸಾಗರದ ಸುತ್ತಿನ ಹಳ್ಳಿಗಳಿಗೆ ಧುತ್ತರಗಿಯವರು ದೂರದ ಸಾಹಿತಿಯಾಗಿರಲಿಲ್ಲ, ಪಕ್ಕದ ಸೀಮೆಯ ಮನುಷ್ಯರಾಗಿದ್ದರು. ಅವರ ಪಾತ್ರಗಳ ಭಾಷೆ ಈ ಹಳ್ಳಿಗಳ ಅಗಸಿಯ ಕಟ್ಟೆಯ ಭಾಷೆಯೇ ಆಗಿತ್ತು.

ಹಳ್ಳಿಯ ನಾಟಕ ಹೇಗೆ ಆಗುತ್ತದೆ ಎಂಬುದನ್ನು ಕೊಂಚ ನಿಂತು ನೋಡಬೇಕು. ಜಾತ್ರೆಗೆ ಎರಡು ತಿಂಗಳು ಇರುವಾಗ ಹುಡುಗರು ಹಿರಿಯರ ಹತ್ತಿರ ಬರುತ್ತಾರೆ. ಪಟ್ಟಿ ಎತ್ತುವ ಮಾತಾಗುತ್ತದೆ. ಪೇಟಿ ಮಾಸ್ತರರನ್ನು ಕರೆಸಿ, ಅವರಿಗೆ ಊರಲ್ಲೇ ಒಂದು ಖೋಲಿ, ಸರದಿಯ ಮೇಲೆ ಮನೆ ಮನೆಯ ಊಟ. ಪಾರ್ಟು ಹಂಚುವ ದಿನವೇ ಮೊದಲ ಜಗಳ. ಖಳನಾಯಕನ ಪಾರ್ಟಿಗೆ ಇಬ್ಬರು ಮೂವರು ನಿಲ್ಲುತ್ತಾರೆ, ಏಕೆಂದರೆ ಚಪ್ಪಾಳೆ ಅವನಿಗೇ ಹೆಚ್ಚು. ಆಮೇಲೆ ದಿನಾ ರಾತ್ರಿ ಊಟವಾದ ಮೇಲೆ ತಾಲೀಮು. ಮಾಸ್ತರರು ಕಾಲ್ಪೇಟಿ ತುಳಿಯುತ್ತ, ಒಂದು ಕಣ್ಣು ಕೈಬರಹದ ಪುಸ್ತಕದ ಮೇಲೆ, ಇನ್ನೊಂದು ಕಣ್ಣು ಹುಡುಗನ ಮೇಲೆ. ‘ಕೈ ಎತ್ತಬ್ಯಾಡ, ಮಾತು ಎತ್ತು’ ಎಂದು ಅವರು ಬೈಯುವುದನ್ನು ಕೇಳಲು ಕಿಟಕಿಯ ಹೊರಗೆ ಹುಡುಗರ ಹಿಂಡು ನಿಂತಿರುತ್ತದೆ. ಹೆಣ್ಣುಪಾತ್ರಗಳನ್ನು ಹಿಂದೆ ಗಂಡಸರೇ ಮಾಡುತ್ತಿದ್ದರು. ಆಮೇಲೆ ಇಳಕಲ್, ಗದಗ, ಕುಕನೂರು, ಮರಿಯಮ್ಮನಹಳ್ಳಿ ಕಡೆಯ ವೃತ್ತಿ ಕಲಾವಿದೆಯರನ್ನು ಕರೆಸುವ ರೂಢಿ ಬಂತು. ಅವರು ಆಟದ ದಿನ ಬಸ್ಸಿಳಿದು ಬರುತ್ತಾರೆ, ಮಧ್ಯಾಹ್ನ ಒಂದು ಸಲ ಕೂತು ಸೀನುಗಳನ್ನು ಹೊಂದಿಸಿಕೊಳ್ಳುತ್ತಾರೆ, ರಾತ್ರಿ ಮುಗ್ಗರಿಸದೆ ಆಡುತ್ತಾರೆ, ಬೆಳಗಿನ ಬಸ್ಸಿಗೆ ಮುಂದಿನ ಊರು. ಎರಡು ತಿಂಗಳು ಕಲಿತ ಹುಡುಗ ಮಾತು ಮರೆತಾಗ ಮಧ್ಯೆ ಮಾತು ಸೇರಿಸಿ ಸೀನು ದಾಟಿಸುವವರು ಇವರೇ. ಹಳ್ಳಿಯ ರಂಗಭೂಮಿ ನಿಂತಿರುವುದು ಈ ಹೆಣ್ಣುಮಕ್ಕಳ ಬೆನ್ನಮೇಲೆ. ಅವರ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಚರಿತ್ರೆಯ ಪುಸ್ತಕಗಳಲ್ಲಿ ಬರುವುದು ವಿರಳ.

ನಾಟಕದ ನಡುವೆ ಆಯೇರಿ. ಸೋದರಮಾವ ಅಳಿಯನಿಗೆ ಉಂಗುರ ತೊಡಿಸುತ್ತಾನೆ, ಗೆಳೆಯರು ನೋಟಿನ ಹಾರ ಹಾಕುತ್ತಾರೆ, ಮೈಕಿನಲ್ಲಿ ಒಂದೊಂದೇ ಹೆಸರು ಕೂಗುತ್ತಾರೆ. ಸಾಯುವ ಸೀನಿನಲ್ಲಿ ಬಿದ್ದವನು ಎದ್ದು ಆಯೇರಿ ಸ್ವೀಕರಿಸಿ ಮತ್ತೆ ಬೀಳುತ್ತಾನೆ. ಪಟ್ಟಣದ ರಂಗಪ್ರೇಮಿಗಳಿಗೆ ಇದು ರಸಭಂಗ. ನನಗೆ ಹಾಗೆ ಅನ್ನಿಸಿಲ್ಲ. ಆ ರಾತ್ರಿ ಊರು ತನ್ನ ಮಗನನ್ನು ನೋಡಲು ಬಂದಿರುತ್ತದೆ, ಪಾತ್ರವನ್ನು ಮಾತ್ರವಲ್ಲ.

ಪೇಟಿ ಮಾಸ್ತರರಲ್ಲಿ ಅನೇಕರ ಗುರುಮನೆ ಗದಗ. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ, ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿತು, ತನ್ನದೇ ನಾಟಕ ಕಂಪನಿಯನ್ನೂ ನಡೆಸಿತು. ಅಲ್ಲಿ ಕಲಿತು ಹೊರಬಿದ್ದವರು ಹಾರ್ಮೋನಿಯಂ, ತಬಲಾ ಹೊತ್ತು ಹಳ್ಳಿ ಸೇರಿದರು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಸಂಗೀತ, ಜಾತ್ರೆಯಲ್ಲಿ ನಾಟಕಕ್ಕೆ ಪೇಟಿ, ಉಳಿದ ದಿನ ಭಜನೆ ಕಲಿಸುವುದು, ಹೀಗೆ ಅವರ ವರ್ಷ ಸಾಗುತ್ತದೆ.

ಪಂಚಾಂಗವನ್ನು ನೋಡಿದರೂ ಈ ಊರುಗಳ ನಂಟು ತಿಳಿಯುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು. ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ತಂಬು ಹೊಡೆದು ತಿಂಗಳೊಪ್ಪತ್ತು ಆಟ ಆಡುತ್ತವೆ, ವರ್ಷದ ಗಳಿಕೆಯ ದೊಡ್ಡ ಪಾಲು ಅಲ್ಲೇ. ಹುಣ್ಣಿಮೆ ಕಳೆದ ಬಿದಿಗೆಗೆ ಕೊಪ್ಪಳದ ಗವಿಸಿದ್ಧೇಶ್ವರ ತೇರು. ಬನಶಂಕರಿಯಲ್ಲಿ ನಾಟಕ ನೋಡಿದವರು ಗವಿಮಠದಲ್ಲಿ ದಾಸೋಹದ ರೊಟ್ಟಿ ಉಣ್ಣುತ್ತಾರೆ. ಆ ರೊಟ್ಟಿಯ ಹಿಂದೆಯೂ ಒಂದು ಕೂಡುಕೆಲಸವಿದೆ. ಜಾತ್ರೆ ಹತ್ತಿರ ಬಂದಂತೆ ಸುತ್ತಲಿನ ಹಳ್ಳಿಗಳ ಹೆಂಗಸರು ಓಣಿ ಓಣಿಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಲೆಕ್ಕ ಲಕ್ಷಗಳಲ್ಲಿ. ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೇರಿಕೊಂಡು ಭಜನೆ, ಡೊಳ್ಳಿನೊಂದಿಗೆ ಮಠಕ್ಕೆ ಒಯ್ಯುವ ಮೆರವಣಿಗೆಯೇ ಒಂದು ಹಬ್ಬ.

ಬಣ್ಣದ ಮಾತು ಬಂದರೆ ಕಿನ್ನಾಳ. ಕೊಪ್ಪಳದ ಹತ್ತಿರದ ಈ ಊರಿನ ಚಿತ್ರಗಾರರು ಹಗುರ ಮರದಲ್ಲಿ ಆಕಾರ ಕೆತ್ತಿ, ಸೆಣಬಿನ ಚಿಂದಿ ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಬೆರೆಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ. ಒಡವೆ, ಕಿರೀಟಗಳನ್ನು ಉಬ್ಬಿಸಲು ಬೆಣಚುಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂದು ಇವರ ಮನೆಮಾತು. ಗೊಂಬೆ ಪೇಟೆಗೆ ಹೋಗುತ್ತದೆ, ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಈ ಸೀಮೆಯ ಜನಕ್ಕೆ ಕಿನ್ನಾಳ ಎಂದರೆ ಮೊದಲು ದ್ಯಾಮವ್ವ. ಗ್ರಾಮದೇವತೆಯ ಜಾತ್ರೆಗೆ ಮುಂಚೆ ಮರದ ಮೂರ್ತಿಗೆ ಹೊಸ ಬಣ್ಣ ಬೀಳಬೇಕು, ಕಣ್ಣು ಬರೆಯಬೇಕು. ಅದಕ್ಕೆ ಚಿತ್ರಗಾರರೇ ಬರಬೇಕು.

ಇನ್ನು ಅಲಾಯಿ. ಹನುಮಸಾಗರದ ಸುತ್ತಿನ ಹಳ್ಳಿಗಳಲ್ಲಿ ಮೊಹರಮ್ಮಿಗೆ ಇದೇ ಹೆಸರು. ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಕುಣಿಗೆ ಗುದ್ದಲಿ ಬೀಳುತ್ತದೆ. ಬೆಂಕಿಯ ಸುತ್ತ ದಿನಾ ರಾತ್ರಿ ಹೆಜ್ಜೆ ಕುಣಿತ, ಹಲಗೆಯ ಪೆಟ್ಟಿಗೆ ತಕ್ಕ ಹಾಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿ ಫಕೀರರಾಗುತ್ತಾರೆ, ಮೈತುಂಬ ಬಣ್ಣ ಬಳಿದು ಹುಲಿಯಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಮನೆಯಲ್ಲಿ ಚೊಂಗೆ ಮಾಡುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಮುಸಲ್ಮಾನರ ಮನೆ ಒಂದೋ ಎರಡೋ, ಹಬ್ಬ ಮಾತ್ರ ಊರದು. ಕತ್ತಲ ರಾತ್ರಿಯಂದು ದೇವರು ಏಳುವ ಹೊತ್ತಿಗೆ ಹಾಡಿನ ಮೇಳಗಳು ಎದುರುಬದುರು ನಿಲ್ಲುತ್ತವೆ. ರಿವಾಯತ ಎಂದು ಕರೆಯುವ ಆ ಪದಗಳು ಕನ್ನಡದಲ್ಲಿವೆ. ಕರ್ಬಲಾದ ಮರಳು, ನೀರಿಲ್ಲದೆ ಬಳಲಿದ ಮಕ್ಕಳು, ಹಸನ್ ಹುಸೇನರ ಸಾವು ಈ ಬಯಲುಸೀಮೆಯ ನುಡಿಯಲ್ಲಿ ಬಂದಾಗ ಮಳೆಗಾಗಿ ಮುಗಿಲು ನೋಡುವ ಜನಕ್ಕೆ ಆ ಬಾಯಾರಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಪದ ಕಟ್ಟಿದವರು ಕುರುಬರೋ ನೇಕಾರರೋ ಸಾಬರೋ, ಕೊನೆಯ ನುಡಿಯ ಅಂಕಿತದಿಂದ ಗೊತ್ತಾಗಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಈ ಹಬ್ಬಕ್ಕೆ ಹೆಸರುವಾಸಿ, ಇಲ್ಲಿಂದಲೂ ಜನ ಅಲ್ಲಿಗೆ ಹೋಗುತ್ತಾರೆ.

ದುಡಿಯಲು ಮಂಗಳೂರು, ಬೆಂಗಳೂರು, ಗೋವಾಕ್ಕೆ ಗುಳೆ ಹೋದವರು ಊರಿಗೆ ತಿರುಗುವುದು ಈ ಹಬ್ಬಕ್ಕೆ, ಇಲ್ಲವೇ ಜಾತ್ರೆಗೆ. ಕುಷ್ಟಗಿ, ಯಲಬುರ್ಗಾ ಒಣಬೇಸಾಯದ ನಾಡು. ತುಂಗಭದ್ರೆಯ ಕಾಲುವೆ ಹರಿದ ಗಂಗಾವತಿಯ ಸಂಗತಿ ಬೇರೆ. ಭತ್ತ ಮಾರಿದ ದುಡ್ಡು ಕೈಯಲ್ಲಿದ್ದಾಗ ಅಲ್ಲಿಗೆ ಕಂಪನಿ ನಾಟಕಗಳು ತಾವಾಗಿಯೇ ಬಂದು ಬಿಡಾರ ಹೂಡುತ್ತಿದ್ದವು. 2011ರ ಡಿಸೆಂಬರಿನಲ್ಲಿ 78ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಸಿ.ಪಿ. ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ ನಡೆದದ್ದೂ ಗಂಗಾವತಿಯಲ್ಲಿ. ಕೊಪ್ಪಳಕ್ಕೆ ಆ ಭಾಗ್ಯ 1993ರಲ್ಲಿ, ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ, ಜಿಲ್ಲೆಯಾಗುವ ಮೊದಲೇ ಬಂದಿತ್ತು. ಯಲಬುರ್ಗಾ ಸೀಮೆಯ ದ್ಯಾಂಪುರ ಕವಿ ಸಿದ್ಧಯ್ಯ ಪುರಾಣಿಕರನ್ನು ಕೊಟ್ಟಿತು. ಆನೆಗೊಂದಿಯಲ್ಲೂ ಕನಕಗಿರಿಯಲ್ಲೂ ಸರ್ಕಾರದ ಉತ್ಸವಗಳು ನಡೆಯುತ್ತವೆ. ದೀಪಾಲಂಕಾರ, ದೊಡ್ಡ ವೇದಿಕೆ, ಬೆಂಗಳೂರಿನಿಂದ ಬಂದ ಸಿನಿಮಾ ಗಾಯಕರು, ಮೆರವಣಿಗೆಯಲ್ಲಿ ಮಾತ್ರ ನಮ್ಮ ಕರಡಿ ಮಜಲು, ನಂದಿಕೋಲು, ಹಗಲುವೇಷ. ಸ್ಥಳೀಯ ಮೇಳಕ್ಕೆ ಸಂಜೆಯ ಮುಖ್ಯ ಹೊತ್ತಿನಲ್ಲಿ ಒಂದು ತಾಸು ಕೊಡದ ಉತ್ಸವ ಆ ನೆಲದ ಉತ್ಸವ ಹೇಗಾದೀತು?

2025ರಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ಹದ ಮಾಡಿ, ಕೊರೆದು, ಬಣ್ಣ ತುಂಬಿ, ಪರದೆಯ ಹಿಂದೆ ರಾಮಾಯಣ, ಮಹಾಭಾರತ ಕುಣಿಸಿದ ಕೈ ಅವರದು. ಹೊರದೇಶಗಳಲ್ಲೂ ಅವರ ಗೊಂಬೆಗಳು ಆಡಿವೆ. ಶಿಳ್ಳೇಕ್ಯಾತರ ಮೇಳ ಹಿಂದೆ ಊರಿಂದೂರಿಗೆ ಅಲೆಯುತ್ತಿತ್ತು. ಮಳೆ ಹೋದ ವರ್ಷ ಗೊಂಬೆ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆಯಿಂದ ಹಳ್ಳಿಯವರೇ ಕರೆಸುತ್ತಿದ್ದರು, ಕಾಳುಕಡಿ ಕೊಡುತ್ತಿದ್ದರು. ಪ್ರಶಸ್ತಿ ದಿಲ್ಲಿಯಿಂದ ಬಂದದ್ದು ಸಂತೋಷ. ಆದರೆ ರಾತ್ರಿಯಿಡೀ ಕೂತು ನೋಡುವ ಊರುಗಳು ಮತ್ತೆ ಸಿಗುವ ತನಕ ಆ ಮೇಳಗಳ ಮಕ್ಕಳು ಗೊಂಬೆಯ ಪೆಟ್ಟಿಗೆ ಬಿಚ್ಚುವುದು ಕಷ್ಟ.

ಸದ್ಯ ತುರ್ತಾಗಿ ಆಗಬೇಕಾದ ಕೆಲಸ ಒಂದಿದೆ. ಮಾಸ್ತರರ ಟ್ರಂಕಿನಲ್ಲಿರುವ ನಾಟಕದ ಕೈಬರಹಗಳು, ಬಯಲಾಟದ ಪ್ರತಿಗಳು, ರಿವಾಯತ ಪದಗಳ ನೋಟುಪುಸ್ತಕಗಳು ಗೆದ್ದಲಿನ ಪಾಲಾಗುತ್ತಿವೆ. ಅನೇಕ ಪದಗಳು ಒಬ್ಬಿಬ್ಬರ ಬಾಯಲ್ಲಿ ಮಾತ್ರ ಉಳಿದಿವೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವಿದೆ, ತಾಲ್ಲೂಕಿಗೊಂದು ಪದವಿ ಕಾಲೇಜಿದೆ. ಪ್ರತಿ ವಿದ್ಯಾರ್ಥಿ ರಜೆಯಲ್ಲಿ ತನ್ನೂರಿನ ಒಬ್ಬ ಹಾಡುಗಾರನ ಹತ್ತಿರ ಕೂತು ಒಂದು ನೋಟುಪುಸ್ತಕವನ್ನು ನಕಲು ಮಾಡಿದರೂ, ಮೊಬೈಲಿನಲ್ಲಿ ಧಾಟಿಯನ್ನು ಹಿಡಿದಿಟ್ಟರೂ ಸಾಕು. ಅದನ್ನು ಜಿಲ್ಲೆಯ ಗೆರೆ ನೋಡದೆ ಮಾಡಬೇಕು. ಹನುಮಸಾಗರದ ಮೇಳ ಹಾಡುವ ಪದದ ಹಿಂದಿನ ನುಡಿ ಇಳಕಲ್ಲಿನ ನೇಕಾರರ ಮನೆಯಲ್ಲಿ ಸಿಗಬಹುದು, ಗಜೇಂದ್ರಗಡದ ಪೇಟಿ ಮಾಸ್ತರರ ಟ್ರಂಕಿನಲ್ಲೂ ಸಿಗಬಹುದು.