ಹೋಮೋಫೋಬಿಯಾ: ಪದದ ಹುಟ್ಟು ಮತ್ತು ಅರ್ಥ

ಸಲಿಂಗಿಗಳ ಬಗೆಗಿನ ಅಸಹನೆ, ತಿರಸ್ಕಾರ, ದ್ವೇಷಗಳನ್ನು ಸೂಚಿಸುವ ಪದ. ಇದು ಹುಟ್ಟಿದ ವರ್ಷ 1965, 1969, 1972 ಎಂದು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ದಾಖಲಾಗಿದೆ. ಮೂರಕ್ಕೂ ಆಧಾರವಿದೆ.

ಭಾಷಣವೊಂದಕ್ಕೆ ಸಿದ್ಧರಾಗುತ್ತಿದ್ದಾಗ ಈ ಕಲ್ಪನೆ ಹೊಳೆಯಿತೆಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ವೈನ್‌ಬರ್ಗ್ ಮುಂದೆ ನೆನೆದದ್ದು 1965ರ ಸಂಗತಿ. ಪದ ಅಚ್ಚಾದದ್ದು 1969ರ ಮೇ ತಿಂಗಳಲ್ಲಿ, ಸಲಿಂಗಿ ಹಕ್ಕುಗಳ ಹೋರಾಟಗಾರರಾದ ಜಾಕ್ ನಿಕೋಲ್ಸ್ ಮತ್ತು ಲೈಜ್ ಕ್ಲಾರ್ಕ್ 'ಸ್ಕ್ರೂ' ಪತ್ರಿಕೆಗೆ ಬರೆದ ಅಂಕಣದಲ್ಲಿ. ಅಲ್ಲಿ ಅದರ ಅರ್ಥ ಕಿರಿದು: ತಮ್ಮನ್ನೂ ಸಲಿಂಗಿ ಎಂದುಕೊಂಡಾರು ಎಂಬ ಗಂಡಸರ ಅಂಜಿಕೆ. ಇಂದಿನ ವಿಶಾಲ ಅರ್ಥ ಬೇರೂರಿದ್ದು ವೈನ್‌ಬರ್ಗ್ ಅವರ 1972ರ ಪುಸ್ತಕದಿಂದ. 1920ರ ದಶಕದಲ್ಲಿ 'ಗಂಡಸರ ಭಯ' ಎಂಬರ್ಥದಲ್ಲಿ ಕಾಣಿಸುವ ಇದೇ ರೂಪಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಜವಾದ ತಿರುವು ಇರುವುದು ವರ್ಷದಲ್ಲಲ್ಲ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ. ಅದಕ್ಕೂ ಮೊದಲೇ ಈ ಪದ, ಸಲಿಂಗಿಗಳನ್ನು ದ್ವೇಷಿಸುವವನೇ ರೋಗಿ ಎನ್ನುವಂತೆ ದಿಕ್ಕು ತಿರುಗಿಸಿಬಿಟ್ಟಿತ್ತು. ಆದರೆ 'ಫೋಬಿಯಾ' ಎಂದರೆ ಭಯ. ಮನೆಯಿಂದ ಹೊರಹಾಕುವುದು, ಹೊಡೆಯುವುದು ಭಯವಲ್ಲ. ಈ ಕಾರಣಕ್ಕೇ ಮನೋವಿಜ್ಞಾನಿ ಗ್ರೆಗರಿ ಹೆರೆಕ್ 2000ದಲ್ಲಿ 'ಲೈಂಗಿಕ ಪೂರ್ವಗ್ರಹ' ಎಂಬ ಬದಲಿ ಸೂಚಿಸಿದರು.

ಕರ್ನಾಟಕದಲ್ಲಿ ದ್ವೇಷಕ್ಕೆ ಹೆಸರಿಲ್ಲದಿದ್ದಾಗಲೂ ಕಾನೂನಿತ್ತು. ವಿಜಯಪುರ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮು ಅಲ್ಲಿಗೂ ಅನ್ವಯಿಸಿತು. ಎಲ್ಲಮ್ಮ ದೇವಿಗೆ ಮುಡಿಪಾಗಿ ಹೆಣ್ಣುಡುಗೆ ತೊಡುವ ಜೋಗಪ್ಪಂದಿರನ್ನು ಉತ್ತರ ಕರ್ನಾಟಕ ಬಲ್ಲದು. ಅವರನ್ನೂ ಸಲಿಂಗಿಗಳನ್ನೂ ಒಂದೇ ಎಂದು ಬಗೆಯುವುದು ತಪ್ಪು, ಅವಹೇಳನ ಮಾತ್ರ ಇಬ್ಬರಿಗೂ ತಟ್ಟಿದೆ. ಬೆಂಗಳೂರಿನಲ್ಲಿ 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಸಂಘಟನೆ 'ಸಂಗಮ' ಆರಂಭವಾಯಿತು. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳನ್ನು ವರದಿಯಾಗಿ ದಾಖಲಿಸಿತು. ಸಲಿಂಗಿ ಬದುಕಿನ ಕಥೆಗಳಿರುವ ವಸುಧೇಂದ್ರರ ಸಂಕಲನ 'ಮೋಹನಸ್ವಾಮಿ' 2013ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು.

ಕನ್ನಡದಲ್ಲಿ ಪದ ಇನ್ನೂ ನೆಲೆಗೊಂಡಿಲ್ಲ. 'ಸಲಿಂಗಕಾಮಭೀತಿ' ಪ್ರೀತಿಯನ್ನು ಬರಿಯ ಕಾಮಕ್ಕೆ ಇಳಿಸುತ್ತದೆ, ದ್ವೇಷವನ್ನು ಭಯವೆಂದು ಮರೆಸುತ್ತದೆ. 'ಸಲಿಂಗದ್ವೇಷ' ಎಂದರೆ ತನ್ನದೇ ಲಿಂಗದವರ ಮೇಲಿನ ದ್ವೇಷ ಎಂದಾದೀತು. 'ಸಲಿಂಗಿದ್ವೇಷ' ಎಂದರೆ ದ್ವೇಷ ಯಾರ ಮೇಲೆ ಎಂಬುದು ಸ್ಪಷ್ಟ. ಇರುವವುಗಳಲ್ಲಿ ಅದೇ ಸರಿಯಾದ ರೂಪ.