ಮೂರನೇ ಪಿನ್ನಿನ ಇತಿಹಾಸ: ಬೈಲಹೊಂಗಲದಿಂದ ರಾಮದುರ್ಗದ ತನಕ

1/7
ಬೈಲಹೊಂಗಲದ ವೆಲ್ಡಿಂಗ್ ಶೆಡ್ ಇರಲಿ, ಸವದತ್ತಿಯ ಬಡಿಗೇರ ಅಂಗಡಿ ಇರಲಿ, ನೆಲದ ಮೇಲೆ ಬಿದ್ದಿರೋ ಎಕ್ಸ್‌ಟೆನ್ಶನ್ ಬೋರ್ಡನ್ನ ಒಂದ್ಸಲ ನೋಡ್ರಿ. ಮೇಲಿನ ದಪ್ಪ ತೂತು ಯಾಕೈತಿ ಅಂತ ಕೇಳಿದ್ರೆ "ಅರ್ಥಿಂಗ್‌ಗೆ" ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಆ ತೂತಿನ ಹಿಂದೆ ವೈರ್ ಇದೆಯೋ ಇಲ್ಲವೋ ಅಂತ ಬಿಚ್ಚಿ ನೋಡಿದವರು ಕಡಿಮೆ. ಎರಡೇ ಎಳೆಯ ವೈರ್ ಹಾಕಿದ ಬೋರ್ಡಿಗೂ ಮೂರು ಪಿನ್ನಿನ ಪ್ಲಗ್ ಸಲೀಸಾಗಿ ಹೋಗುತ್ತದೆ, ಮಷೀನೂ ತಿರುಗುತ್ತದೆ. ಮೂರನೇ ಪಿನ್ ಮಾತ್ರ ಎಲ್ಲಿಗೂ ಮುಟ್ಟಿರುವುದಿಲ್ಲ. ಆ ಪಿನ್ ನಮ್ಮ ಕಡೆ ಹೇಗೆ ಬಂತು, ಯಾಕೆ ಬಂತು ಅನ್ನೋದೇ ಈ ಸರಣಿ.

2/7
ಬ್ರಿಟಿಷರ ಕಾಗದಪತ್ರಗಳಲ್ಲಿ ಬೈಲಹೊಂಗಲ, ಕಿತ್ತೂರು ಇದ್ದದ್ದು ಸಂಪಗಾಂವ ತಾಲ್ಲೂಕಿನಲ್ಲಿ, ಸವದತ್ತಿ ಇದ್ದದ್ದು ಪರಸಗಡದಲ್ಲಿ. ಎರಡೂ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆ. ರಾಮದುರ್ಗ 1948ರವರೆಗೆ ಬೇರೆಯೇ ಸಂಸ್ಥಾನ. ಪಕ್ಕದ ಗೋಕಾಕ ಫಾಲ್ಸ್‌ನಲ್ಲಿ 1887ರಷ್ಟು ಹಿಂದೆಯೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ಓಡುತ್ತಿತ್ತು.

ಆ ಕಾಲದ ಗಿರಣಿಗಳಲ್ಲಿ ಒಂದೇ ದೊಡ್ಡ ಶಾಫ್ಟು, ಅದರಿಂದ ಪ್ರತಿ ಮಷೀನಿಗೂ ಪಟ್ಟಾ. ಅಪಾಯ ಕಣ್ಣಿಗೆ ಕಾಣ್ತಿತ್ತು. ಧೋತರದ ಚುಂಗು ಪಟ್ಟಾಕ್ಕೆ ಸಿಕ್ಕರೆ ಮುಗೀತು. ಮುಂದೆ ಪ್ರತಿ ಮಷೀನಿಗೂ ಅದರದ್ದೇ ಮೋಟಾರು ಬಂದಾಗ ಪಟ್ಟಾ ಹೋಯಿತು, ಹಳೇ ಅಪಾಯ ಕಡಿಮೆಯಾಯಿತು. ಅದರ ಜಾಗಕ್ಕೆ ಬಂದ ಹೊಸ ಅಪಾಯ ಕಾಣುವಂಥದ್ದಲ್ಲ. ಒಳಗೆ ವೈರಿನ ಮೇಲಿನ ಹೊದಿಕೆ ಸವೆದು ತಂತಿ ಕಬ್ಬಿಣಕ್ಕೆ ತಾಗಿದ್ರೂ ಮಷೀನ್ ಮೊದಲಿನಂಗೇ ನಡೀತಿರುತ್ತೆ.

3/7
ಈಗ ಪ್ಲಗ್ಗಿನ ಕಥೆ. ನಮ್ಮ ಗುಂಡು ಪಿನ್ನಿನ ಪ್ಲಗ್ ಬ್ರಿಟನ್ನಿನ 1934ರ ಬಿಎಸ್ 546 ಮಾನಕದ ಸಂತಾನ. ಅಲ್ಲಿ 5 ಮತ್ತು 15 ಆಂಪಿಯರ್ ಇದ್ದದ್ದು ನಮ್ಮಲ್ಲಿ 6 ಮತ್ತು 16 ಆಯ್ತು. ಬ್ರಿಟನ್ 1947ರಲ್ಲಿ ಚಪ್ಪಟೆ ಪಿನ್ನಿನ ಹೊಸ ಮಾನಕ ತಂದಿತು. ನಾವು ಗುಂಡು ಪಿನ್ನನ್ನೇ ಇಟ್ಟುಕೊಂಡೆವು.

ಮೂರನೇ ಪಿನ್ ಉಳಿದ ಎರಡಕ್ಕಿಂತ ಉದ್ದ, ದಪ್ಪ. ಉದ್ದ ಯಾಕಂದ್ರೆ, ಚುಚ್ಚುವಾಗ ಅದು ಎಲ್ಲಕ್ಕಿಂತ ಮೊದಲು ಮುಟ್ಟಬೇಕು, ಕೀಳುವಾಗ ಕೊನೆಗೆ ಬಿಡಬೇಕು. ದಪ್ಪ ಯಾಕಂದ್ರೆ, ಕರೆಂಟಿನ ತೂತಿಗೆ ತಪ್ಪಿಯೂ ಹೋಗಬಾರದು. ಬೋರ್ಡಿಗೆ ವೈರ್ ತುರುಕಿ ಬೆಂಕಿಕಡ್ಡಿ ಸಿಗಿಸೋರು ಈ ಎರಡೂ ವಿಚಾರವನ್ನ ಒಂದೇ ಏಟಿಗೆ ಹೊರಗೆ ಹಾಕಿದಂಗೆ.

4/7
1956 ನಮಗೆ ಏಕೀಕರಣದ ವರ್ಷ. ಅದೇ ವರ್ಷ ಭಾರತೀಯ ವಿದ್ಯುತ್ ನಿಯಮಗಳೂ ಬಂದವು. ಅದರ 61ನೇ ನಿಯಮ ಏನು ಹೇಳ್ತಿತ್ತು ಗೊತ್ತೇ? ತ್ರೀ ಫೇಸ್ ಮೋಟಾರಿನ ಲೋಹದ ಮೈಗೆ ಒಂದಲ್ಲ, ಬೇರೆ ಬೇರೆ ಎರಡು ಅರ್ಥಿಂಗ್ ಸಂಪರ್ಕ ಇರಬೇಕು. ಕೈಯಲ್ಲಿ ಎತ್ತಿಕೊಂಡು ಹೋಗುವ ಮೋಟಾರನ್ನೂ ಬಿಟ್ಟಿರಲಿಲ್ಲ. ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಅದು ಕೆಇಬಿ ಆಗಿ, ಕೆಪಿಟಿಸಿಎಲ್ ಆಗಿ, 2002ರಿಂದ ನಮ್ಮ ಭಾಗಕ್ಕೆ ಹೆಸ್ಕಾಂ. ಬೋರ್ಡಿನ ಹೆಸರು ಬದಲಾಯ್ತು. ಮೀಟರಿನಿಂದ ಈಚೆಗಿನ ವೈರಿಂಗ್ ಮತ್ತು ಅರ್ಥಿಂಗ್ ಮಾತ್ರ ಅಂದಿನಿಂದ ಇಂದಿಗೂ ಮಾಲೀಕನದೇ ಜವಾಬ್ದಾರಿ.

5/7
ಇನ್ನು ನಮ್ಮ ಮಣ್ಣು. ಐಎಸ್ 3043 ಅನ್ನೋ ಅರ್ಥಿಂಗ್ ಸಂಹಿತೆ ಮೊದಲು ಬಂದದ್ದು 1966ರಲ್ಲಿ. ಎರಡೂವರೆ ಮೀಟರ್ ಪೈಪು, ಸುತ್ತ ಇದ್ದಿಲು, ಉಪ್ಪು, ಮೇಲಿಂದ ನೀರು ಹಾಕೋ ಕೊಳವೆ. ಇದನ್ನ ನೀವೂ ನೋಡಿರ್ತೀರಿ. ಬೈಲಹೊಂಗಲ, ಸವದತ್ತಿ ಕಡೆಯ ಎರಿ ಮಣ್ಣು ಹಸಿ ಇದ್ದಾಗ ಕರೆಂಟನ್ನ ಚಲೋ ಒಯ್ಯುತ್ತದೆ. ಬ್ಯಾಸಗಿಯಲ್ಲಿ ಅದೇ ಮಣ್ಣು ಕುಗ್ಗಿ ಬಿರುಕು ಬಿಟ್ಟು ಪೈಪನ್ನ ಬಿಟ್ಟು ನಿಲ್ಲುತ್ತದೆ. ಶ್ರಾವಣದಾಗ ಪಾಸಾದ ಅರ್ಥಿಂಗ್ ಏಪ್ರಿಲ್‌ನಾಗ ಫೇಲಾಗಬಹುದು. ಕಿತ್ತೂರಿನ ಪಶ್ಚಿಮಕ್ಕೆ ಜಂಬಿಟ್ಟಿಗೆ ನೆಲ, ಅಲ್ಲಿ ನೀರು ನಿಲ್ಲೋದೇ ಇಲ್ಲ.

ಲೆಕ್ಕ ಹಾಕಿ ನೋಡ್ರಿ. ನಿಮ್ಮ ಅರ್ಥಿಂಗ್ 20 ಓಮ್, ಟ್ರಾನ್ಸ್‌ಫಾರ್ಮರಿನದು 5 ಓಮ್ ಅಂತಿಟ್ಕೊಳ್ರಿ. 230 ವೋಲ್ಟ್ ಭಾಗಿಸು 25, ಅಂದ್ರೆ ಸುಮಾರು 9 ಆಂಪಿಯರ್. 16 ಆಂಪಿಯರ್ ಎಂಸಿಬಿ ಇದಕ್ಕೆ ಅಲುಗಾಡೋದಿಲ್ಲ. ಮಷೀನಿನ ಮೈ 180 ವೋಲ್ಟಿನ ಮೇಲೆ ನಿಂತಿರುತ್ತದೆ. ಅರ್ಥಿಂಗ್ ಇದೆ, ಎಂಸಿಬಿಯೂ ಇದೆ, ಆದ್ರೂ ಮುಟ್ಟಿದವನಿಗೆ ಹೊಡೆಯುತ್ತದೆ.

6/7
ಈ ಗಂಟು ಬಿಡಿಸಲು ದಾರಿ ಮಾಡಿದವರಲ್ಲಿ ಒಬ್ಬರು ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್. ಎಷ್ಟು ಕರೆಂಟಿಗೆ ಮನುಷ್ಯ ಹಿಡಿದದ್ದನ್ನು ಬಿಡಲಾರ ಅಂತ ಅವರು ಸ್ವಯಂಸೇವಕರ ಮೇಲೆ ಅಳೆದರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ ಸುಮಾರು 10.5. ಒಂದು ಆಂಪಿಯರಿನ ನೂರನೇ ಪಾಲು! ಡ್ರಿಲ್ ಹಿಡಿದ ಕೈ ಬಿಡೋಕೆ ಬರೋದಿಲ್ಲ ಅಂದ್ರೆ ಅದು ಹೆದರಿಕೆಯಲ್ಲ, ಸ್ನಾಯುವೇ ಬಿಗಿದುಕೊಳ್ಳುತ್ತದೆ. 1961ರಲ್ಲಿ ಅವರು ಸೋರಿಕೆ ಹಿಡಿದು ಕರೆಂಟ್ ಕಡಿಯುವ ಸಾಧನ ಮಾಡಿದರು.

ನಮ್ಮಲ್ಲಿ ಈ ಬಗೆಯ ಸಾಧನವನ್ನು ಆರ್‌ಸಿಸಿಬಿ ಅಂತಾರೆ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡರ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕಿಸೋದರೊಳಗೆ ಕಡಿಯುತ್ತದೆ. ಮೇಲಿನ ಲೆಕ್ಕದ 20 ಓಮ್ ಅರ್ಥಿಂಗ್ ಇದ್ರೂ ಸಾಕು, ಕೈ ಮುಟ್ಟೋ ಮೊದಲೇ ಟ್ರಿಪ್. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ ಸೋರಿಕೆ ರಕ್ಷಣೆಗೆ ಜಾಗ ಸಿಕ್ಕಿತ್ತು.

7/7
ಈಗ ನಿಮ್ಮ ಶೆಡ್ಡಿಗೆ ಬನ್ನಿ.

▪️ ಚೌಕದೊಳಗೆ ಚೌಕದ ಗುರುತು ಇದ್ದರೆ ಆ ಗ್ರೈಂಡರಿಗೆ ಎರಡು ಪಿನ್ ಸಾಕು, ಅದು ಡಬಲ್ ಇನ್ಸುಲೇಶನ್. ಆ ಗುರುತಿಲ್ಲದ ಬೆಂಚ್ ಗ್ರೈಂಡರ್, ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್, ರಾಮದುರ್ಗದ ಮಗ್ಗದ ಮೋಟಾರು, ಇವಕ್ಕೆ ಅರ್ಥಿಂಗ್ ಬೇಕೇ ಬೇಕು.
▪️ ಎಕ್ಸ್‌ಟೆನ್ಶನ್ನಿಗೆ ಮೂರು ಎಳೆಯ ವೈರ್. ಹಸಿರು-ಹಳದಿ ಎಳೆ ಎರಡೂ ತುದಿಗೆ ಗಟ್ಟಿ ಬಿಗಿದಿರಬೇಕು.
▪️ 30 ಮೀಟರ್ ಉದ್ದದ 0.75 ಚದರ ಮಿಮೀ ತಾಮ್ರದ ವೈರಿನಲ್ಲಿ 10 ಆಂಪಿಯರ್ ಎಳೆದರೆ ಸುಮಾರು 15 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 150 ವ್ಯಾಟ್ ಬಿಸಿಯಾಗಿ. ಸುರುಳಿ ಬಿಚ್ಚದೆ ಇಟ್ಟರೆ ಆ ಬಿಸಿಗೆ ಹೊದಿಕೆ ಕರಗುತ್ತದೆ. 2.5 ಚದರ ಮಿಮೀ ವೈರ್ ಹಾಕಿದ್ರೆ 5 ವೋಲ್ಟಿನೊಳಗೆ ಮುಗೀತದೆ.
▪️ ಅರ್ಥಿಂಗ್ ಇಲ್ಲ ಅಂತ ನ್ಯೂಟ್ರಲ್ಲನ್ನೇ ಮೂರನೇ ಪಿನ್ನಿಗೆ ಜೋಡಿಸಬೇಡಿ. ನ್ಯೂಟ್ರಲ್ ಎಲ್ಲಾದ್ರೂ ಕಡಿದರೆ ಮಷೀನಿನ ಮೈಯೆಲ್ಲಾ ಕರೆಂಟು.
▪️ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಅರ್ಥ್ ಗುಂಡಿಗೆ ಬ್ಯಾಸಗಿಯಲ್ಲಿ ನೀರು ಹಾಕಿ, ಓಮ್ ಎಷ್ಟು ಅಂತ ಬ್ಯಾಸಗಿಯಲ್ಲೇ ಅಳೆಸಿ.

ಇಷ್ಟಕ್ಕೂ ಲೈಸೆನ್ಸ್ ಇರೋ ವೈರ್‌ಮನ್ ಕೈಲೇ ಮಾಡಿಸ್ರಿ. ಶೆಡ್ಡಿನಲ್ಲಿ ಕೆಲಸ ಕಲಿಯೋಕೆ ಬರೋ ಹುಡುಗ್ರು ಬೋರ್ಡ್ ಬಿಚ್ಚಿ ನೋಡೋದಿಲ್ಲ, ನಿಮ್ಮನ್ನ ನಂಬಿ ಪ್ಲಗ್ ಹಾಕ್ತಾರೆ. ಇವತ್ತು ಸಂಜೆ ಮೇನ್ ಆಫ್ ಮಾಡಿಸಿ ಆ ದಪ್ಪ ತೂತಿನ ಹಿಂದೆ ವೈರ್ ಇದೆಯಾ ನೋಡಿಸ್ರಿ. ಏನು ಸಿಕ್ತು ಅಂತ ಕೆಳಗೆ ಬರೀರಿ. ಶೆಡ್ ಇರೋ ಗೆಳೆಯರಿಗೆ ಕಳಿಸ್ರಿ 🙏

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ನಮ್ಮೂರಇತಿಹಾಸ #ಅರ್ಥಿಂಗ್